ಲೈನಿಗೆ ಹೊಸಬರು ಬಂದಾಗ: ಸಕಲೇಶಪುರ–ಆಲೂರು ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾಫಿ ಬೆಳೆಗಾರರಿಗೆ, ತೋಟದ ರೈಟರುಗಳಿಗೆ ಮತ್ತು ಮೇಸ್ತ್ರಿಗಳಿಗೆ,



ಅರೇಬಿಕಾ ಹಣ್ಣಾಗುವ ನವೆಂಬರ್ ಬಂತೆಂದರೆ ಸಕಲೇಶಪುರದ ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಹೊಸ ಮುಖಗಳು ಕಾಣತೊಡಗುತ್ತವೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದವರು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಹೊದಿಕೆಯ ಗಂಟು, ಕೆಲವರ ಕಂಕುಳಲ್ಲಿ ಮಗು. ಏಜೆಂಟ್ ತೋರಿಸಿದ ಪಿಕಪ್ ಹತ್ತಿ ಹಾನುಬಾಳು, ಹೆತ್ತೂರು, ಯಸಳೂರು, ಬೆಳಗೋಡು, ಕೆಂಚಮ್ಮನ ಹೊಸಕೋಟೆ ಕಡೆಗೆ ಹಂಚಿಹೋಗುತ್ತಾರೆ. ಮಾರನೇ ಬೆಳಿಗ್ಗೆ ಹಾಜರಿಗೆ ನಿಲ್ಲುತ್ತಾರೆ. ಪಿಕಪ್ಪಿನಿಂದ ಇಳಿದ ಹೊತ್ತಿನಿಂದ ಮುಂದಿನ ಒಂದು ವಾರದೊಳಗೆ ತೋಟವೆಂಬ ಸಂಸ್ಥೆ ಈ ಹೊಸಬರಿಗೆ ತನ್ನ ರೀತಿ ರಿವಾಜನ್ನು ಹೇಗೆ ಕಲಿಸುತ್ತದೆ, ಯಾರ ಬಾಯಿಂದ ಕಲಿಸುತ್ತದೆ ಅನ್ನುವುದೇ ಈ ಪತ್ರದ ವಿಷಯ.

ಬರೆಯುತ್ತಿರುವವರು ನಿಮ್ಮವರೇ. ತಂದೆ ತೋಟದಲ್ಲಿ ರೈಟರ್ ಆಗಿದ್ದರು, ಬಾಲ್ಯವೆಲ್ಲ ಕಾರ್ಮಿಕರ ಲೈನ್ ಮನೆಗಳ ಪಕ್ಕದಲ್ಲೇ ಕಳೆಯಿತು, ಈಗ ಸ್ವಂತದ್ದೊಂದು ಸಣ್ಣ ತೋಟವಿದೆ. ಗಿಡದಲ್ಲಿ ಹಣ್ಣು ಒಣಗುತ್ತಿದ್ದರೂ ಆಳು ಸಿಗದ ಚಡಪಡಿಕೆ, ಕಣದಲ್ಲಿ ಕಾಫಿ ಹರವಿದ ದಿನವೇ ಮೋಡ ಕವಿದಾಗಿನ ಸಂಕಟ, ಇವೆಲ್ಲ ಗೊತ್ತಿರುವ ಮನೆಯಿಂದಲೇ ಈ ಮಾತು ಬರುತ್ತಿದೆ.

ಈ ಬೆಟ್ಟಗಳಲ್ಲಿ ಕಾಫಿಗೆಂದು ಹೊರಗಿನವರು ಬಂದದ್ದು ಇವತ್ತಿನ ಕಥೆಯಲ್ಲ. ಈ ತಾಲ್ಲೂಕು ಮಂಜರಾಬಾದ್ ಎನಿಸಿಕೊಂಡಿದ್ದಾಗ, 1850ರ ದಶಕದಲ್ಲಿ, ಇಲ್ಲಿ ತೋಟ ಎಬ್ಬಿಸಿದ ರಾಬರ್ಟ್ ಎಲಿಯಟ್ ಕೂಡ ಹೊಸಬನೇ. ಮೈಸೂರು ಸೀಮೆಯ ಕಾಡು, ಕಾಫಿ ಕುರಿತು ಆತ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಆಮೇಲೆ ತಲೆಮಾರುಗಳ ಕಾಲ ದಕ್ಷಿಣ ಕನ್ನಡದ ಜನ ಬತ್ತದ ಕುಯ್ಲು ಮುಗಿಸಿ ಘಟ್ಟ ಹತ್ತಿದರು. ಮೇಸ್ತ್ರಿ ಧಣಿಗಳಿಂದ ಮುಂಗಡ ತೆಗೆದುಕೊಂಡು ಊರಿಗೆ ಹೋಗಿ, ಮನೆಮನೆಗೆ ಹಂಚಿ, ಜನ ಕಟ್ಟಿಕೊಂಡು ಬರುತ್ತಿದ್ದ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದೂ ಸಾಲ ತೀರಿಸಲಿಕ್ಕೇ. ಒಬ್ಬ ಜ್ವರ ಹಿಡಿಸಿಕೊಂಡು ಮರಳಿ ಬಂದು ಸಾಯುತ್ತಾನೆ. ಹಾಸನದಲ್ಲೇ ಹುಟ್ಟಿದ ರಾಜಾರಾವ್ 1938ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ದಲ್ಲಿ ಗ್ರಾಮದೇವತೆ ಕೆಂಚಮ್ಮ, ಹರಿಯುವ ನದಿ ಹಿಮವತಿ. ಆ ಊರ ಮುಂದಿನ ದಾರಿಯಲ್ಲೇ ದೂರದ ಬಯಲುಸೀಮೆಯ ಕೂಲಿಗಳನ್ನು ದಂಡು ದಂಡಾಗಿ ಸ್ಕೆಫಿಂಗ್ಟನ್ ಕಾಫಿ ಎಸ್ಟೇಟಿಗೆ ನಡೆಸಿಕೊಂಡು ಹೋಗುತ್ತಾರೆ. ಗಂಡಾಳಿಗೆ ನಾಲ್ಕಾಣೆ, ಹೆಣ್ಣಾಳಿಗೆ ಎರಡಾಣೆ ಎಂದು ಮೇಸ್ತ್ರಿ ಆಸೆ ಹುಟ್ಟಿಸಿರುತ್ತಾನೆ. ಮಲೆನಾಡಿನ ಮಳೆ ಎಂದರೇನು ಎಂದೇ ಅರಿಯದ ಜನ ಅವರು. ಅಲ್ಲಿ ಸಂಸ್ಥೆಯನ್ನು ಪರಿಚಯಿಸಿದ್ದು ಬೆತ್ತ ಮತ್ತು ಮಲೇರಿಯಾ.

ಆ ವ್ಯವಸ್ಥೆ ಮತ್ತೆ ಬರಲಿ ಎಂದು ಯಾರೂ ಬಯಸಲಾರರು. ಮುಂಗಡದ ಕುಣಿಕೆ ಎಷ್ಟು ಸಂಸಾರಗಳನ್ನು ಹಿಂಡಿತು ಎಂಬುದು ಈ ಜಿಲ್ಲೆಯ ಹಿರಿಯರಿಗೆ ಗೊತ್ತು. ಆದರೆ ಅದರೊಳಗೆ ಒಂದು ಕೆಲಸ ತಾನೇ ತಾನಾಗಿ ನಡೆದುಹೋಗುತ್ತಿತ್ತು. ಮೇಸ್ತ್ರಿ ಅದೇ ಊರಿನವನು, ಅದೇ ತುಳು ಆಡುವವನು, ಕುಯ್ಲು ಮುಗಿಯುವವರೆಗೆ ಅದೇ ಲೈನಿನಲ್ಲಿ ಇರುವವನು. ಹೊಸದಾಗಿ ಬಂದ ಹುಡುಗಿ ಚಿಕ್ಕಮ್ಮನ ಪಕ್ಕದ ಸಾಲು ಹಿಡಿಯುತ್ತಿದ್ದಳು. ಗೊಂಚಲಿಗೆ ಕೈ ಹಾಕಿ ಒಂದೇ ಸಲ ಎಳೆದರೆ ರೆಕ್ಕೆ ಸಿಗಿಯುತ್ತದೆ, ಹಣ್ಣನ್ನು ತಿರುವಿ ಬಿಡಿಸಬೇಕು, ಬುಡಕ್ಕೆ ಉದುರಿದ್ದನ್ನೂ ಹೆಕ್ಕಬೇಕು ಎಂದು ಆಕೆ ಕಲಿತದ್ದು ಬೈಗುಳದಿಂದಲ್ಲ, ಚಿಕ್ಕಮ್ಮನ ಕೈ ನೋಡಿ. ಇಂಬಳ ಕಚ್ಚಿದರೆ ಸುಣ್ಣ ಹಚ್ಚು, ಸಂಜೆ ಆ ಹಳ್ಳದ ಕಡೆ ಹೋಗಬೇಡ, ರೈಟರ್ ಚೆಕ್ ರೋಲಿನಲ್ಲಿ ಹಾಜರಿ ಬರೆಯುವಾಗ ಪಕ್ಕದಲ್ಲೇ ನಿಂತಿರು. ಹೀಗೆ ತೋಟದ ಕಾನೂನೆಲ್ಲ ಅಡುಗೆ ಒಲೆಯ ಮುಂದೆ ಕೈದಾಟುತ್ತಿತ್ತು.

ಆ ಸರಪಳಿ ಈಗ ಕಡಿದಿದೆ. 1974ರ ಭೂಸುಧಾರಣೆಯ ನಂತರ ಕರಾವಳಿಯಲ್ಲಿ ಗೇಣಿದಾರರು ಒಡೆಯರಾದರು. ಅವರ ಮಕ್ಕಳು ಓದಿ ಮಂಗಳೂರು, ಮುಂಬೈ, ಕೊಲ್ಲಿ ದೇಶಗಳ ದಾರಿ ಹಿಡಿದರು. ನಮ್ಮ ಊರುಗಳ ಹುಡುಗರೂ ಬೆಂಗಳೂರಿಗೆ ಹೋದರು. ಇದರಲ್ಲಿ ವ್ಯಥೆ ಪಡುವಂಥದ್ದೇನೂ ಇಲ್ಲ, ಯಾವ ತಂದೆತಾಯಿಯೂ ಮಕ್ಕಳಿಗೆ ಬಯಸುವುದು ಅದನ್ನೇ. ಆದರೆ ಅವರ ಜಾಗಕ್ಕೆ ಬಂದವರನ್ನು ಕರೆತರುವ ಏಜೆಂಟ್ ತೋಟದಲ್ಲಿ ಉಳಿಯುವವನಲ್ಲ. ತಲೆಗಿಷ್ಟು ಎಂದು ಎಣಿಸಿಕೊಂಡು ಅದೇ ಪಿಕಪ್ಪಿನಲ್ಲಿ ಹಿಂದಿರುಗುತ್ತಾನೆ. ಹೊಸಬರ ಭಾಷೆ ಬಲ್ಲವರು ತೋಟದಲ್ಲಿ ಯಾರೂ ಇರುವುದಿಲ್ಲ. ಚಿಕ್ಕಮ್ಮನ ಸಾಲು ಖಾಲಿ.

ಕೆಲವು ವರ್ಷಗಳ ಹಿಂದೆ ಆಲೂರು ಕಡೆಯ ತೋಟವೊಂದರಲ್ಲಿ ಈ ಪತ್ರ ಬರೆಯುತ್ತಿರುವವರು ಕಣ್ಣಾರೆ ಕಂಡ ಸಂಗತಿ ಇದು. ಜಾರ್ಖಂಡಿನಿಂದ ಬಂದ ಗುಂಪನ್ನು ಮೊದಲ ದಿನವೇ ಕಿಲೋ ಲೆಕ್ಕದ ಕುಯ್ಲಿಗೆ ಬಿಟ್ಟಿದ್ದರು. ಕೆಂಪು ಹಣ್ಣು ಮಾತ್ರ ಎಂದು ಯಾರೋ ಕನ್ನಡದಲ್ಲಿ ಕೂಗಿ ಹೇಳಿದ್ದರಂತೆ. ಕಿಲೋಗೆ ದುಡ್ಡು ಎಂಬುದಷ್ಟೇ ಅವರಿಗೆ ತಿಳಿದಿತ್ತು. ಹಸಿರು, ಅರೆಗೆಂಪು, ಹಣ್ಣು, ಎಲೆ ಎಲ್ಲ ಸೇರಿಸಿ ಬಾಚಿ ಚೀಲ ತುಂಬಿದರು. ಸಂಜೆ ತಕ್ಕಡಿಯ ಮುಂದೆ ಚೀಲ ಸುರಿದಾಗ ಗಲಾಟೆ ಎದ್ದಿತು. ಪಲ್ಪರಿಗೆ ಹಾಕಬೇಕಾದ ಹಣ್ಣಿನಲ್ಲಿ ಹಸಿಕಾಯಿ ಬೆರೆತರೆ ಪಾರ್ಚ್‌ಮೆಂಟಿನ ಗತಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಾಲೀಕರ ಸಿಟ್ಟಿಗೆ ಕಾರಣವಿತ್ತು. ತೂಕದಲ್ಲಿ ಅರ್ಧ ಮುರಿದುಕೊಂಡರು. ಎದುರಿಗೆ ನಿಂತವರಿಗೆ ಕಂಡದ್ದು ತುಂಬಿದ ಚೀಲ, ಅರ್ಧ ಲೆಕ್ಕ ಮತ್ತು ಅರ್ಥವಾಗದ ಕಿರುಚಾಟ. ಮೂರನೇ ಬೆಳಿಗ್ಗೆ ಲೈನ್ ಖಾಲಿಯಾಗಿತ್ತು. ಮುಂಗಡ ಹೊಡೆದುಕೊಂಡು ಓಡಿಹೋದರು ಎಂಬ ಮಾತು ಊರಲ್ಲಿ ಹಬ್ಬಿತು.

ಆ ತೋಟ ಅವರಿಗೆ ಏನನ್ನೂ ಕಲಿಸಲಿಲ್ಲ ಎನ್ನಲಾಗದು. ಇಲ್ಲಿ ಸಂಜೆ ತಕ್ಕಡಿ ಮುಟ್ಟುವ ತನಕ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದಾಗ ಕೂಲಿ ಕಡಿಯುತ್ತಾರೆ ಎಂಬ ಪಾಠವನ್ನು ಎರಡೇ ದಿನದಲ್ಲಿ ಚೆನ್ನಾಗಿ ಕಲಿಸಿತು. ಅವರು ಅದನ್ನು ಸರಿಯಾಗಿಯೇ ಕಲಿತುಕೊಂಡು ಹೊರಟುಹೋದರು.

ಹೊಸಬರನ್ನು ಒಳಕ್ಕೆ ತೆಗೆದುಕೊಳ್ಳುವ ಬಗೆಯನ್ನು ಆಳವಾಗಿ ಯೋಚಿಸಿದವರಲ್ಲಿ ಅಮೆರಿಕದ ಎಂಐಟಿಯ ಜಾನ್ ವ್ಯಾನ್ ಮಾನೆನ್ ಮತ್ತು ಎಡ್ಗರ್ ಶೈನ್ ಮುಖ್ಯರು. 1979ರಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಈ ವಿಷಯಕ್ಕೆ ತಳಪಾಯ. ಅದರಲ್ಲಿನ ಎರಡು ಪ್ರಶ್ನೆಗಳು ನೇರವಾಗಿ ನಮ್ಮ ಲೈನಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ಹೊಸಬರ ಪಕ್ಕದಲ್ಲಿ ಅದೇ ಕೆಲಸ ಮಾಡಿ ಪಳಗಿದ ಹಳಬರೊಬ್ಬರು ಇದ್ದಾರೆಯೇ, ಇಲ್ಲ ಅವರೇ ತಡಕಾಡಿ ದಾರಿ ಹುಡುಕಬೇಕೇ? ಬಂದವರಲ್ಲಿ ಆಗಲೇ ಇರುವ ಗುಣ, ಕಸುಬನ್ನು ಸಂಸ್ಥೆ ಒಪ್ಪಿಕೊಳ್ಳುತ್ತದೆಯೇ, ಇಲ್ಲ ಮೊದಲು ಅದನ್ನೆಲ್ಲ ಕಳಚಿಹಾಕಿಸುತ್ತದೆಯೇ? ಸೈನ್ಯ, ಪೊಲೀಸ್ ತರಬೇತಿಯಂಥ ಕಡೆ ಕಳಚುವುದೇ ಪದ್ಧತಿ. ಮೂರು ತಿಂಗಳ ಕುಯ್ಲಿಗೆ ಬಂದವರನ್ನು ಹಾಗೆ ಕಳಚುತ್ತಾ ಕೂತರೆ ಉಳಿಯುವುದು ಖಾಲಿ ಲೈನು.

ನಮ್ಮ ಬೆಂಗಳೂರಿನದೇ ಕಂಪನಿ ವಿಪ್ರೋದ ಬಿಪಿಒ ವಿಭಾಗದಲ್ಲಿ ಡೇನಿಯಲ್ ಕೇಬಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಕೆಲವು ಹೊಸಬರಿಗೆ ಮೊದಲ ದಿನ ಕಂಪನಿಯ ಹಿರಿಮೆಯನ್ನು ಹೇಳಿದರು. ಇನ್ನು ಕೆಲವರನ್ನು ನೀವು ಯಾವುದರಲ್ಲಿ ಗಟ್ಟಿಗರು, ಅದನ್ನು ಇಲ್ಲಿ ಹೇಗೆ ಬಳಸುತ್ತೀರಿ ಎಂದು ಕೇಳಿದರು. ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಟ್ಟವರ ಪ್ರಮಾಣ ಹೀಗೆ ಕೇಳಿಸಿಕೊಂಡವರಲ್ಲಿ ಕಡಿಮೆ ಇತ್ತು. ಗಾಜಿನ ಕಟ್ಟಡದ ಮಾತು ಕೆಸರಿನ ತೋಟಕ್ಕೆ ಹೊಂದೀತೇ ಎಂದು ಕೇಳುವವರಿರಬಹುದು. ಹೊಂದುತ್ತದೆ. ಅಸ್ಸಾಮಿನಿಂದ ಬರುವವರಲ್ಲಿ ಚಹಾ ತೋಟಗಳ ಮನೆತನದವರೂ ಇದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಛೋಟಾ ನಾಗಪುರದ ಬೆಟ್ಟಗಳಿಂದ ಬ್ರಿಟಿಷ್ ಕಂಪನಿಗಳು ಅಸ್ಸಾಮಿಗೆ ಸಾಗಿಸಿದ ಆದಿವಾಸಿಗಳ ಸಂತತಿ ಅದು. ಎರಡೆಲೆ ಒಂದು ಕುಡಿಯನ್ನು ಚಿವುಟುವ ಬೆರಳು ಅವರದು. ಕೊನೆಯ ಕಾಯಿಯನ್ನೂ ಕಣ್ಣಲ್ಲೇ ವಿಂಗಡಿಸಬಲ್ಲ ಅವರನ್ನು ‘ಏನೂ ಗೊತ್ತಿಲ್ಲದ ಹಿಂದಿಯವರು’ ಎಂದು ನಾವು ಕರೆಯುತ್ತೇವೆ. ಮೊದಲ ದಿನ ಒಂದು ಗಿಡದ ಮುಂದೆ ನಿಲ್ಲಿಸಿ, ನಿಮ್ಮ ಊರಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ ನೋಡಿ. ಮರ ಹತ್ತುವವರು ಸಿಗುತ್ತಾರೆ, ದನ ಕಾಯ್ದವರು ಸಿಗುತ್ತಾರೆ, ಗಾರೆ ಕೆಲಸ ಬಲ್ಲವರೂ ಸಿಗುತ್ತಾರೆ.

ಈಗ ಆನೆಯ ವಿಚಾರ. ಇದನ್ನು ಬೇರೆಲ್ಲದಕ್ಕಿಂತ ಗಟ್ಟಿಯಾಗಿ ಹೇಳಬೇಕಾಗಿದೆ. ಆಲೂರು ಸುತ್ತಿನಿಂದ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. ದಸರಾ ಅಂಬಾರಿ ಹೊತ್ತ ಅರ್ಜುನನಂಥ ಪಳಗಿದ ಆನೆಯೇ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯ ಜೊತೆಗಿನ ಕಾಳಗದಲ್ಲಿ ಪ್ರಾಣ ಬಿಟ್ಟಿತು. ಬೆಳಿಗ್ಗೆ ಕೆಲಸಕ್ಕೆ ನಡೆದು ಹೊರಟವರು ತೋಟದ ದಾರಿಯಲ್ಲೇ ಆನೆಗೆ ಸಿಕ್ಕ ಸುದ್ದಿಯನ್ನು ನೀವೂ ಮತ್ತೆ ಮತ್ತೆ ಕೇಳಿದ್ದೀರಿ. ಆನೆ ಎಲ್ಲಿದೆ ಎಂಬ ಸಂದೇಶ ನಿಮ್ಮ ಫೋನಿಗೆ ಬರುತ್ತದೆ. ಅದು ಕನ್ನಡದಲ್ಲಿರುತ್ತದೆ, ನಿಮ್ಮ ಗುಂಪಿನಲ್ಲಿ ಇರುತ್ತದೆ. ಲೈನಿನಲ್ಲಿ ಮಲಗಿದವರಿಗೆ ಅದು ತಲುಪುವುದು ನೀವು ತಲುಪಿಸಿದರೆ ಮಾತ್ರ. ಜಾರ್ಖಂಡ್, ಅಸ್ಸಾಮಿನವರಿಗೆ ಆನೆ ಹೊಸದಲ್ಲ, ಅವರ ಊರುಗಳಲ್ಲೂ ಈ ಸಂಕಟವಿದೆ. ಹೊಸದು ನಮ್ಮ ತೋಟದ ಆನೆ ದಾರಿ. ಯಾವ ಕೆರೆಗೆ ಇಳಿಯುತ್ತವೆ, ಯಾವ ಬೇಲಿ ದಾಟುತ್ತವೆ, ಹಲಸು ಹಣ್ಣಾದಾಗ ಯಾವ ಮರದ ಕೆಳಗೆ ನಿಲ್ಲುತ್ತವೆ ಎಂದು ಬಂದ ದಿನವೇ ಅವರನ್ನು ನಡೆಸಿಕೊಂಡು ಹೋಗಿ ತೋರಿಸಬೇಕು. ಮಂಜು ಬಿಡುವ ಮೊದಲು ಒಬ್ಬೊಬ್ಬರೇ ಹೊರಡಕೂಡದು, ಬಯಲಿಗೆ ಹೋಗಬೇಕಾದ ಪರಿಸ್ಥಿತಿ ಯಾರಿಗೂ ಇರಕೂಡದು. ಲೈನಿಗೊಂದು ಶೌಚಾಲಯ ಎಂದರೆ ಇಲ್ಲಿ ಜೀವ ಉಳಿಸುವ ಮಾತು.

ಇದರ ಜೊತೆಗೇ ಒಂದು ಕೋರಿಕೆ, ಬಹುಶಃ ಈ ಪತ್ರದಲ್ಲೇ ದೊಡ್ಡದು. ಆನೆ ಇದೆ ಎಂದು ಕೆಲಸ ನಿಲ್ಲಿಸಿದ ದಿನ ಕೂಲಿ ಕೊಡಿ. ಕೂಲಿ ಹೋಗುತ್ತದೆ ಎಂದು ತಿಳಿದರೆ ಯಾರೂ ಎಚ್ಚರಿಕೆಗೆ ಕಿವಿಗೊಡುವುದಿಲ್ಲ, ಸಾಲು ಸಾಲು ಕಾಫಿ ಗಿಡದ ಮರೆಯಲ್ಲಿ ತಲೆ ತಗ್ಗಿಸಿ ಕುಯ್ಯುತ್ತಲೇ ಇರುತ್ತಾರೆ. ಜೀವಕ್ಕಿಂತ ಕಿಲೋ ದೊಡ್ಡದಲ್ಲ ಎಂದು ನೀವು ಬಾಯಲ್ಲಿ ಹೇಳಿದ್ದನ್ನು ಅವರು ನಂಬುವುದು ಆ ವಾರದ ಬಟವಾಡೆ ನೋಡಿದ ಮೇಲೆಯೇ.

ಕಾಳುಮೆಣಸಿನ ಕುಯ್ಲಿನ ಏಣಿಯದೂ ಇಂಥದೇ ಮಾತು. ಅಲ್ಯೂಮಿನಿಯಂ ಏಣಿ ಹಗುರ, ಹೊರಲು ಸುಲಭ. ಅದು ವಿದ್ಯುತ್ ತಂತಿಗೆ ತಗುಲಿ ಪ್ರಾಣ ಹೋದ ದುರಂತಗಳು ಕಾಫಿ ಸೀಮೆಯಲ್ಲಿ ನಡೆಯುತ್ತಲೇ ಇವೆ. ಸಿಲ್ವರ್ ಓಕ್ ಎಲೆಗಳ ನಡುವೆ ತಂತಿ ಎಲ್ಲಿ ಹಾದುಹೋಗಿದೆ ಎಂದು ಹಳಬರಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ತಂತಿ ಹಾದ ಸಾಲಿನ ಮರಗಳಿಗೆ ಬಣ್ಣದ ಪಟ್ಟೆ ಬಳಿಸಿ. ಆ ಸಾಲಿಗೆ ಬಿದಿರಿನ ಏಣಿಯನ್ನೇ ಕೊಡಿ.

ಹಳಬರೊಬ್ಬರನ್ನು ಜೊತೆಗೆ ಬಿಡಿ ಎಂದರೆ, ಅವರ ಕುಯ್ಲು ಕುಂಠಿತವಾಗುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ನಿಜ. ಕಿಲೋ ಲೆಕ್ಕದಲ್ಲಿ ದುಡಿಯುವ ಹೆಣ್ಣುಮಗಳು ಪುಕ್ಕಟೆಯಾಗಿ ಏಕೆ ಕಲಿಸಬೇಕು? ಅದಕ್ಕೇ ಆಕೆಗೆ ಆ ವಾರ ದಿನಗೂಲಿಯ ಮೇಲೆ ಕಲಿಸುವ ಕೂಲಿಯನ್ನು ಸೇರಿಸಿ ಕೊಡಬೇಕು. ಹೊಸಬರಿಗೂ ಮೊದಲ ಎರಡು ಮೂರು ದಿನ ಕಿಲೋ ಲೆಕ್ಕ ಬೇಡ, ದಿನಗೂಲಿ ಇರಲಿ. ಒಂದು ಕಿಲೋ ಕ್ಲೀನ್ ಕಾಫಿಗೆ ಐದಾರು ಕಿಲೋ ಹಣ್ಣು ಬೇಕು. ಹಸಿಕಾಯಿ ಬಾಚಿ ಹಾಳಾಗುವ ಚೀಲಗಳ ಲೆಕ್ಕ ಹಾಕಿದರೆ ಈ ಖರ್ಚು ಅಲ್ಲೇ ಹುಟ್ಟುತ್ತದೆ. ಭಾಷೆ ಬಾರದಿದ್ದರೂ ಒಂದು ಬಟ್ಟೆಯ ಮೇಲೆ ಕೆಂಪು ಹಣ್ಣು, ಹಸಿರು ಕಾಯಿ, ಒಣಗಿದ್ದು ಎಂದು ಬೇರೆ ಬೇರೆ ಗುಡ್ಡೆ ಮಾಡಿ ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಈ ಪತ್ರ ಬರೆಯುತ್ತಿರುವವರ ತಂದೆ ಪ್ರತಿ ಕುಯ್ಲಿನ ಮೊದಲ ಬೆಳಿಗ್ಗೆ ಹಾಗೆಯೇ ಮಾಡುತ್ತಿದ್ದರು. ಆಮೇಲೆ ತಕ್ಕಡಿಯಲ್ಲಿ ಕಲ್ಲಿಟ್ಟು, ಮುಳ್ಳು ಎಲ್ಲಿಗೆ ನಿಲ್ಲಬೇಕೆಂದು ಪ್ರತಿಯೊಬ್ಬರಿಗೂ ತೋರಿಸುತ್ತಿದ್ದರು. ತೂಕದ ಜಗಳ ಅವರ ಕಾಲದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು.

ಹೆಸರು, ಲೆಕ್ಕ, ದಾಖಲೆ. ಈ ಮೂರರಲ್ಲಿ ನಮ್ಮ ಹಲವು ತೋಟಗಳು ಸಡಿಲವಾಗಿವೆ. ಚೆಕ್ ರೋಲಿನಲ್ಲಿ ‘ಅಸ್ಸಾಂ 1, ಅಸ್ಸಾಂ 2’ ಎಂದು ಬರೆಯುವುದನ್ನು ನಿಲ್ಲಿಸಿ, ಅವರವರ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ಮುಂಗಡ ಎಷ್ಟು ಕೊಟ್ಟಿರಿ, ಅದರಲ್ಲಿ ಏಜೆಂಟ್ ಎಷ್ಟು ಹಿಡಿದ, ವಾರಕ್ಕೆಷ್ಟು ಮುರಿದುಕೊಳ್ಳುತ್ತೀರಿ ಎಂಬುದು ಅವರ ಕೈಯಲ್ಲಿರುವ ಚೀಟಿಯಲ್ಲಿ ಇರಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಕೇಳಿದ್ದೂ ಇಂಥದೇ ಒಂದು ಪಾಸ್‌ಬುಕ್ಕನ್ನು. ಆಧಾರ್ ಕಾರ್ಡಿನ ನಕಲು ನಿಮ್ಮಲ್ಲಿರಲಿ, ಮೂಲ ಅವರ ಬಳಿಯೇ ಇರಲಿ. ಎಲ್ಲಿಂದ ಬಂದವರೋ ಎಂಬ ಆತಂಕದಲ್ಲಿ ದಾಖಲೆ ನೋಡುವುದು ತಪ್ಪೇನಲ್ಲ. ಆದರೆ ಬಂದವರಿಗೆ ಸಿಕ್ಕುವ ಮೊದಲ ಮಾತೇ ಅನುಮಾನದ್ದಾದರೆ ಅವರೂ ನಮ್ಮನ್ನು ಅನುಮಾನದಿಂದಲೇ ಅಳೆಯುತ್ತಾರೆ.

1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಶೌಚಾಲಯ, ಔಷಧೋಪಚಾರ, ಶಿಶುಪಾಲನೆಯ ಹೊಣೆಯನ್ನು ತೋಟದ ಮೇಲೆ ಹೊರಿಸಿತು. ತಿದ್ದುಪಡಿಯಾದ ಮೇಲೆ ಅದು ಅನ್ವಯವಾದದ್ದು ಐದು ಹೆಕ್ಟೇರು ಇಲ್ಲವೇ ಅದಕ್ಕೂ ಹೆಚ್ಚು ವಿಸ್ತಾರದ, ಹದಿನೈದಕ್ಕೆ ಕಡಿಮೆ ಇಲ್ಲದಷ್ಟು ಕಾರ್ಮಿಕರಿದ್ದ ತೋಟಗಳಿಗೆ. ಈಗ ಆ ವಿಷಯಗಳು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿವೆ. ನಮ್ಮಲ್ಲಿ ಬಹುಪಾಲು ಹಿಡುವಳಿಗಳು ಸಣ್ಣವಾದ್ದರಿಂದ ಕಾನೂನಿನ ಕೈ ಎಲ್ಲ ಲೈನಿಗೂ ತಲುಪುವುದಿಲ್ಲ. ಮೂರ್ನಾಲ್ಕು ಎಕರೆಯವರು ಒಬ್ಬೊಬ್ಬರೇ ಇದನ್ನೆಲ್ಲ ಮಾಡಲಾರೆವು, ಆದರೆ ನೆರೆಯ ಹತ್ತು ಮನೆ ಸೇರಿದರೆ ಆಗುತ್ತದೆ. ಒಂದೇ ಗುಂಪು ಹತ್ತು ತೋಟಗಳಲ್ಲಿ ಸರದಿಯಲ್ಲಿ ಕುಯ್ಯುವಾಗ ಕಲಿಸುವ ಹಳಬರೂ ಒಬ್ಬರೇ ಇರಬಹುದು. ಜ್ವರ ಬಂದರೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಯಾವ ಬಸ್ಸು, ಮಗುವನ್ನು ಬಿಡಲು ಹತ್ತಿರದ ಅಂಗನವಾಡಿ ಎಲ್ಲಿ, ಊರಿನ ರೇಷನ್ ಕಾರ್ಡಿನ ಮೇಲೆ ಇಲ್ಲೇ ಅಕ್ಕಿ ಪಡೆಯುವುದು ಹೇಗೆ ಎಂಬುದನ್ನೂ ಆ ಹಳಬರೇ ಹೇಳಿಯಾರು.

ತೋಟದ ನಡಾವಳಿ ಎಂದು ನಾವು ಈಗ ಕರೆಯುವುದೂ ಬಂದವರು ಕಟ್ಟಿದ್ದೇ. ಎಷ್ಟೋ ತೋಟಗಳ ಮೂಲೆಯಲ್ಲಿ ಪಂಜುರ್ಲಿಯ ಕಲ್ಲಿದೆ, ಗುಳಿಗನ ಕಟ್ಟೆಯಿದೆ. ಘಟ್ಟದ ಕೆಳಗಿನವರು ತಮ್ಮ ದೈವಗಳನ್ನು ಜೊತೆಗೇ ಕರೆತಂದರು, ಧಣಿಗಳೂ ಕುಯ್ಲಿಗೆ ಮೊದಲು ಅಲ್ಲಿ ಕಾಯಿ ಒಡೆಯತೊಡಗಿದರು. ಇವತ್ತು ಬಂದವರಿಗೂ ಅಷ್ಟು ಜಾಗ ಮಾಡಿಕೊಡಬೇಕು. ಸಂಕ್ರಾಂತಿಯ ಹೊತ್ತಿಗೆ ಜಾರ್ಖಂಡಿನಲ್ಲಿ ಟುಸು ಹಬ್ಬ, ಅಸ್ಸಾಮಿನಲ್ಲಿ ಮಾಘ ಬಿಹು. ಕುಯ್ಲಿನ ಒತ್ತಡ ಇದ್ದರೂ ಆ ಒಂದು ದಿನ ರಜೆ ಕೊಟ್ಟು ಎಳ್ಳುಬೆಲ್ಲ ಹಂಚಿ. ಶುಕ್ರವಾರ ನಮಾಜಿಗೆ ಹೋಗುವವರಿಗೆ ಮಧ್ಯಾಹ್ನದ ಬಿಡುವನ್ನು ಸ್ವಲ್ಪ ಹಿಗ್ಗಿಸಿ.

ಹಾಸನ ಜಿಲ್ಲಾ ಪ್ಲಾಂಟರ್ಸ್ ಸಂಘ, ಕರ್ನಾಟಕ ಬೆಳೆಗಾರರ ಒಕ್ಕೂಟ ಮತ್ತು ಕಾಫಿ ಮಂಡಳಿಯ ಅಧಿಕಾರಿಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಆನೆ, ಏಣಿ, ತಕ್ಕಡಿ, ಮುಂಗಡ, ಆಸ್ಪತ್ರೆ ಈ ಐದು ವಿಷಯಗಳ ಮೇಲೆ ಹಿಂದಿ, ಅಸ್ಸಾಮಿ, ಬಂಗಾಳಿ ಮತ್ತು ಸಂತಾಲಿ ಭಾಷೆಗಳಲ್ಲಿ ಚಿಕ್ಕ ಚಿಕ್ಕ ಧ್ವನಿಮುದ್ರಿಕೆ ಮಾಡಿಸಿ. ಓದು ಬಾರದವರೂ ಫೋನಿನಲ್ಲಿ ಕೇಳಿಕೊಳ್ಳಬಹುದು. ಧ್ವನಿ ಕೊಡಬಲ್ಲವರು ನಮ್ಮ ಲೈನುಗಳಲ್ಲೇ ಇದ್ದಾರೆ, ಅವರಿಗೆ ತಕ್ಕ ಸಂಭಾವನೆ ಕೊಡಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನು ಕುಯ್ಲು ಶುರುವಾಗುವ ಮೊದಲೇ ಹೋಬಳಿಗೊಂದು ಕಡೆ ಕರೆಸಿ, ಮೇಸ್ತ್ರಿಗಳಿಗೂ ಹೊಸ ಗುಂಪಿನ ಮುಂದಾಳುಗಳಿಗೂ ಒಟ್ಟಿಗೆ ಹೇಳಿಸಿ. ಈ ಸಲದ ಅರೇಬಿಕಾ ಮೊದಲ ಸುತ್ತಿಗೆ ಆಗದಿದ್ದರೂ ಜನವರಿಯ ರೊಬಸ್ಟಾ ಕುಯ್ಲಿನ ಹೊತ್ತಿಗೆ ಇದು ಸಿದ್ಧವಾಗಲಿ. ಸಭೆ ಕರೆದರೆ, ತಂದೆಯವರ ಹಳೆಯ ಚೆಕ್ ರೋಲ್ ಪುಸ್ತಕಗಳೊಂದಿಗೆ ಈ ಪತ್ರ ಬರೆದವರೂ ಬಂದು ಕೂರಲು ಸಿದ್ಧರಿದ್ದಾರೆ.



ಇತಿ ತಮ್ಮ ವಿಶ್ವಾಸಿ,
ಹೆತ್ತೂರು ಹೋಬಳಿಯ ಒಬ್ಬ ಸಣ್ಣ ಕಾಫಿ ಬೆಳೆಗಾರ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ